ಮೂರನೇ ಮಹಡಿಯ ಸತ್ತ ತಾಯಿ

ಮಗುವನ್ನು ಮನೆಯಲ್ಲಿ ಬಿಟ್ಟು ಗಂಡಸು ದೂರದೂರಿಗೆ ದುಡಿಯಲು ಹೋದರೆ ಅವನು ಮನೆಗೆ ಆಧಾರ. ಹೆಂಗಸು ಹೋದರೆ ಮನೆ ಬಿಟ್ಟವಳು. ಇದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಹಾಗೆ ಹೋದವಳನ್ನು ಸಾಯಿಸಿಯೂಬಿಡುತ್ತಾರೆ ಎಂಬುದು ಮಾತ್ರ ಕ್ರೇನಮ್ಮನಿಗೆ ಗೊತ್ತಿರಲಿಲ್ಲ.

ಬಂದರಿನಲ್ಲಿ ಕ್ರೇನ್ ನಡೆಸುವವಳಾದ್ದರಿಂದ ಜೊತೆಯವರು ಇಟ್ಟ ಅಡ್ಡಹೆಸರು ಅದು. ಎತ್ತರದ ಗಾಜಿನ ಗೂಡಿನಲ್ಲಿ ಒಬ್ಬಳೇ ಕೂತು, ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಹೂವಿಳಿಸಿದಂತೆ ಹಡಗಿಗೆ ಇಳಿಸುತ್ತಾಳೆ. ಗಂಡ ದರ್ಜಿ; ಅವನ ಹೊಲಿಗೆ ಯಂತ್ರ, ಗಿರಾಕಿಗಳು, ಮಗಳ ಶಾಲೆ ಎಲ್ಲ ಇಲ್ಲೇ, ಈ ಊರಲ್ಲೇ. ಬಂದರನ್ನು ಹೊತ್ತು ತರಲಾದೀತೇ? ಹಾಗಾಗಿ ಮಗಳು ಅಪ್ಪನ ಬಳಿ. ಅಮ್ಮ ರಜೆ ಸಿಕ್ಕಾಗ ಬಂದುಹೋಗುವವಳು. ಗಂಡ ಹೆಂಡತಿ ಕೂತು ಮಾತಾಡಿಯೇ ಮಾಡಿಕೊಂಡ ಏರ್ಪಾಡು.

ಆ ಮಧ್ಯಾಹ್ನ ಅವಳು ಕಟ್ಟಡದ ಅಂಗಳಕ್ಕೆ ಕಾಲಿಟ್ಟಾಗ ಆಟ ನಿಂತಿತು. ಚೆಂಡು ಮಾತ್ರ ಉರುಳುತ್ತಲೇ ಇತ್ತು. ಮಕ್ಕಳೆಲ್ಲ ಅವಳ ಮುಖ ಬಿಟ್ಟು ಪಾದ ನೋಡುತ್ತಿದ್ದವು. ಒಂದು ಪುಟಾಣಿ ಮೆಲ್ಲನೆ ಬಂದು ಅವಳ ಮಣಿಕಟ್ಟು ಮುಟ್ಟಿತು.

"ಬೆಚ್ಚಗಿದೆ ಕಣ್ರೋ!"

"ದೆವ್ವ ಹಾಗೇ ಮೋಸ ಮಾಡೋದು. ಕಾಲು ಹಿಂದುಮುಂದು ಇದೆಯಾ ನೋಡೇ!"

ಎಲ್ಲವೂ ದಿಕ್ಕಾಪಾಲು.

ಕೆಳಮನೆಯಾಕೆ ಅವಳನ್ನು ಮೆಟ್ಟಿಲ ಬಳಿಯೇ ಹಿಡಿದು ಪಿಸುಗುಟ್ಟಿದಳು. "ಬೇಜಾರು ಮಾಡ್ಕೋಬೇಡಮ್ಮ. ಹೋದ ಸಲ ನೀನು ಬಂದುಹೋದ ಮೇಲೆ, ನೀನು ತೀರಿಕೊಂಡೆ ಅಂತ ನಾನೇ ಹೇಳಿದ್ದು. ಬಿಟ್ಟುಹೋದವಳ ಮಗಳು ಅಂದ್ರೆ ಆಡಿಕೊಳ್ತಾರೆ. ತಬ್ಬಲಿ ಅಂದ್ರೆ ಕರೆದು ತಿಂಡಿ ಕೊಡ್ತಾರೆ. ಮಗೂನ ಒಳ್ಳೇದಕ್ಕೇ ಅಲ್ವಾ?"

"ಸಾಯಿಸೋ ಮುಂಚೆ ನನ್ನನ್ನೂ ಒಂದು ಮಾತು ಕೇಳಬಾರದಿತ್ತಾ ಅಕ್ಕ?" ಎಂದು ಕ್ರೇನಮ್ಮ ನಗಲು ನೋಡಿದಳು. ಕೆಳಮನೆಯಾಕೆ ನಗಲಿಲ್ಲ.

ಮೇಲೆ, ಮೂರನೇ ಮಹಡಿಯ ಮನೆಯಲ್ಲಿ, ಗಂಡ ಯಂತ್ರದಿಂದ ತಲೆ ಎತ್ತಲಿಲ್ಲ.

"ನಿಮಗೂ ಗೊತ್ತಿತ್ತಾ?"

ಪೆಡಲು ನಿಂತಿತು. ತುಟಿಗಳ ನಡುವಿದ್ದ ಗುಂಡುಸೂಜಿಗಳನ್ನು ಅವನು ಅಂಗೈಗೆ ತೆಗೆದುಕೊಂಡ. "ಶಾಲೇಲಿ ಅವಳನ್ನ ಕಾಡೋದು ನಿಂತುಹೋಯ್ತು. ಇರಲಿ ಬಿಡು ಅಂದ್ಕೊಂಡೆ."

"ಹಾಗಾದ್ರೆ ನಾನು ಏನಾಗಿ ಸತ್ತೆ?"

ಅವನು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡ.

ಒಳಕೋಣೆಯಿಂದ ಬಂದ ಮಗಳು ಅಮ್ಮನನ್ನು ತಬ್ಬಿ, ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದಳು.

"ಅಮ್ಮಾ, ನಿಂಗೆ ನಿಜವಾಗ್ಲೂ ಏನೂ ಆಗಿಲ್ಲ ತಾನೇ?"

"ಬಾ, ಕೈ ಹಿಡ್ಕೊಂಡು ಕೆಳಗೆ ಹೋಗೋಣ. ಇವಳೇ ನನ್ನ ಅಮ್ಮ ಅಂತ ಎಲ್ಲರಿಗೂ ಹೇಳು."

ಮಗಳು ಕೈ ಬಿಡಿಸಿಕೊಂಡಳು. "ಬೇಡ. ನೀನು ಬದುಕಿದ್ರೆ ನಾನು ಸುಳ್ಳಿ ಆಗ್ತೀನಿ. ಆಮೇಲೆ ಯಾರೂ ಆಟಕ್ಕೆ ಸೇರಿಸ್ಕೊಳ್ಳಲ್ಲ."

ಪುಟ್ಟ ಹೆಜ್ಜೆಗಳು ಮೆಟ್ಟಿಲಿಳಿದು ಹೋದವು. ಕ್ರೇನಮ್ಮ ಕಿಟಕಿಗೆ ಬಂದಳು. ಕೆಳಗೆ ಒಂದೊಂದಾಗಿ ತಲೆಗಳು ಮೇಲೆದ್ದವು.

"ಬಂತೂ! ಬಂತೂ!"

ಮಕ್ಕಳು ಎದ್ದೆವೋ ಬಿದ್ದೆವೋ ಎಂದು ಓಡಿದವು. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಜೋರಾಗಿ ಕಿರುಚುತ್ತ ಓಡಿದ್ದು ಅವಳ ಮಗಳೇ. ಬೀಸಲು ಎತ್ತಿದ್ದ ಕೈಯಿಂದ ಕ್ರೇನಮ್ಮ ಪರದೆ ಎಳೆದುಕೊಂಡಳು.

ಕೆಳಮನೆಯಾಕೆಗೆ ಶಾಪ ಹಾಕಿ ಪುಟ ತಿರುಗಿಸಬೇಡಿ. ನಿಮ್ಮ ಬೀದಿಯಲ್ಲೂ ಇಂಥದೊಂದು ಮನೆಯಿದೆ. ಆ ಮಗುವಿನ ಅಮ್ಮ ಎಲ್ಲಿ ಎಂದು ನಿಮ್ಮ ಮಕ್ಕಳು ಕೇಳಿದಾಗ ನೀವು ದನಿ ತಗ್ಗಿಸಿದ್ದೀರಿ. ಇವತ್ತೇ ಅವರನ್ನು ಕರೆದು ಕೂರಿಸಿಕೊಳ್ಳಿ. ಅವಳು ಕೆಲಸಕ್ಕೆ ಹೋಗಿದ್ದಾಳೆ ಎಂದು ಹೇಳಿ. ಗೋಡೆಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ.