ಮೂರನೆಯ ನುಡಿ

ನನ್ನ ಅಡುಗೆಯ ಸರದಿಯ ದಿನ ಅನ್ನ ಗಟ್ಟಿಯಾಗಿರುತ್ತದೆಂದು ಶಕುಂತಲಾ ಹೇಳಿದ್ದು ಕಳೆದ ಭಾನುವಾರ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ನಾವಿಬ್ಬರೂ ಪಾಠ ಹೇಳುತ್ತೇವೆ. ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೇವೆ.

"ಗೋಡೆ ಮೇಲೆ ಗಡಿಯಾರ ಇದ್ಯಲ್ರೀ! ಅದನ್ನ ನೋಡೋದು ಬಿಟ್ಟು ಪಾತ್ರೆ ಮುಂದೆ ನಿಂತು ಬಾಯೊಳಗೇ ಗೊಣಗ್ತೀರಲ್ಲ, ಅದೇನು ಮಂತ್ರಾನಾ?"

ಗೊಣಗುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅದು ಮಂತ್ರವಲ್ಲ, ಹಾಡು. ಅವಳಿಗೆ ಹೇಳಲಿಲ್ಲ. ನಿಮಗೆ ಹೇಳಬಹುದು, ನೀವು ನನ್ನ ಮುಖ ನೋಡುತ್ತಿಲ್ಲವಲ್ಲ.

ನನ್ನ ತಂದೆ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಪಕ್ಕದ ಮನೆ ಜುಲೇಖಾ ಬೀ ಅವರದು. ಅವರ ತಂಗಿಯ ಮಕ್ಕಳು ಕರೆಯುತ್ತಿದ್ದಂತೆ ನಾನೂ 'ಖಾಲಾ' ಎನ್ನುತ್ತಿದ್ದೆ. ಹಿತ್ತಲಲ್ಲಿ ಅವರು ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಹೊಸಬರು ಆ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಸ್ಕೂಲು ಬಿಟ್ಟ ಸಂಜೆಯ ವಾಸನೆ. ಈಗಲೂ ಬಸ್ಸು ಶಿಡ್ಲಘಟ್ಟ ಸೇರುವಾಗ ಕಿಟಕಿಯ ಪಕ್ಕಕ್ಕೆ ಸರಿದು ಕೂರುತ್ತೇನೆ.

ಗೂಡು ಹೆಚ್ಚು ಬೆಂದರೆ ಮುದ್ದೆ, ಕಡಿಮೆ ಬೆಂದರೆ ಎಳೆ ಕಿತ್ತುಹೋಗುತ್ತದೆ. ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಕುದಿಯುವ ನೀರಿಗೆ ಗೂಡು ಸುರಿದೊಡನೆ ಖಾಲಾ ಹಾಡು ಶುರುಮಾಡುತ್ತಿದ್ದರು. ನಾಲ್ಕು ನುಡಿ ಮುಗಿದಾಗ ಕೈ ತಾನಾಗಿ ಎಳೆಯ ತುದಿ ಎತ್ತುವ ಕಡ್ಡಿಯತ್ತ ಹೋಗುತ್ತಿತ್ತು. ಅವರ ಅಮ್ಮ ಒಲೆಯ ಮುಂದೆಯೇ ಕಲಿಸಿದ ಹಾಡಂತೆ. ಉರ್ದು ನನಗೆ ಅರ್ಧಂಬರ್ಧ. ಬಳೆ, ಬಾವಿ, ತವರಿನ ದಾರಿ ಎಂಬಷ್ಟು ತಿಳಿಯುತ್ತಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಒಂದು ದಿನ ಬಾಗಿಲಲ್ಲಿ ಯಾರೋ ಕೂಗಿದರು. ಖಾಲಾ ಎದ್ದು, "ನೀನು ಹಾಡ್ತಿರಮ್ಮ, ನಾಲ್ಕೂ ಆದ್ಮೇಲೆ ನನ್ನ ಕೂಗು" ಎಂದು ಹೋದರು. ಅಂಥ ಜವಾಬ್ದಾರಿ ನನಗೆ ಯಾರೂ ಕೊಟ್ಟಿರಲಿಲ್ಲ. ಆದರೆ ಗೋಡೆಯಾಚೆ ನಮ್ಮಮ್ಮನಿಗೆ ಕೇಳಿಸೀತೆಂದು ಸಂಕೋಚ. ಮನಸ್ಸಿನಲ್ಲೇ ಹಾಡಿ ಮುಗಿಸಿ ಕೂಗಿದೆ. ಆ ಸಂಜೆಯೆಲ್ಲ ಎಳೆ ಕಿತ್ತುಹೋಗುತ್ತಿತ್ತು.

ಖಾಲಾ ಬೈಯಲಿಲ್ಲ. ನಕ್ಕು, "ಬಾಯಿ ಬಿಟ್ಟು ಹಾಡ್ಲಿಲ್ಲ ಅಲ್ವಾ? ಒಳಗೊಳಗೇ ಹಾಡಿದ್ರೆ ಗೂಡು ಬೇಯೋ ಮುಂಚೇನೇ ಹಾಡು ಓಡೋಗ್ತದೆ ಕಣಮ್ಮ" ಎಂದರು.

ತಂದೆಗೆ ಗೌರಿಬಿದನೂರಿಗೆ ವರ್ಗವಾಯಿತು. ಮೈಸೂರಿನಲ್ಲಿ ಎಂ.ಎ. ಓದುವಾಗ, ಆ ಹಾಡಿನ ಮೂರನೆಯ ನುಡಿ ಮರೆತಿದೆಯೆಂದು ಒಂದು ದಿನ ಹೊಳೆಯಿತು. ರಜೆಯಲ್ಲಿ ನೋಟ್‌ಬುಕ್ ಹಿಡಿದು ಶಿಡ್ಲಘಟ್ಟಕ್ಕೆ ಹೋದೆ. ಹಿತ್ತಲ ತುಂಬ ಅವರ ಸೊಸೆಯಂದಿರು, ನೆಂಟರು. ಖಾಲಾ ನನ್ನ ಕೆನ್ನೆ ಸವರಿ, "ನಮ್ಮ ಹಾಡು ನೆನಪೈತಾ, ಇಲ್ಲಾ ಓದಿ ಓದಿ ಮರೆತ್ಯಾ?" ಎಂದರು.

"ಪೂರ್ತಿ ನೆನಪಿದೆ ಖಾಲಾ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಬೇರೇನೂ ಹೇಳಲಾಗಲಿಲ್ಲ. ನೋಟ್‌ಬುಕ್ ಚೀಲದಲ್ಲೇ ಉಳಿಯಿತು. ಮುಂದಿನ ರಜೆಯ ಹೊತ್ತಿಗೆ ಖಾಲಾ ಇರಲಿಲ್ಲ. ಸೊಸೆಯೊಬ್ಬಳನ್ನು ಆ ನುಡಿ ಕೇಳಿದೆ. "ಅತ್ತೆ ಹಾಡ್ತಿದ್ರು, ನಾವು ಗಡಿಯಾರ ತಂದ್ವಿ" ಎಂದಳು, ತಪ್ಪು ಒಪ್ಪಿಕೊಳ್ಳುವವಳಂತೆ.

ಶಕುಂತಲಾ ಹೇಳಿದ ಮೇಲೆ ಯೋಚಿಸಿದೆ. ಅಕ್ಕಿ ಕುದಿ ಬಂದ ಮೇಲೆ ಹಾಡನ್ನು ಎರಡು ಸಲ ಒಳಗೊಳಗೇ ಹೇಳಿಕೊಂಡು ಗಂಜಿ ಬಸಿಯುವುದು ನನ್ನ ಅಭ್ಯಾಸ. ಎರಡನೆಯ ನುಡಿಯಿಂದ ನಾಲ್ಕನೆಯದಕ್ಕೆ ಹಾರುತ್ತಿದ್ದೆ. ಮರೆತದ್ದು ನನಗೇ ಗೊತ್ತಾಗಬಾರದೆಂಬಂತೆ.

ನಿನ್ನೆ ಮತ್ತೆ ನನ್ನ ಸರದಿ. ಪಾತ್ರೆಯ ಮುಂದೆ ನಿಂತು ಬಾಯಿ ಬಿಟ್ಟು ಹಾಡಿದೆ. ಕಾಪಿ ತಿದ್ದುತ್ತಿದ್ದ ಶಕುಂತಲಾ ತಲೆಯೆತ್ತಿದಳು. ಎರಡನೆಯ ನುಡಿ ಮುಗಿಯಿತು. ಸುಮ್ಮನೆ ನಿಂತೆ. ಮಾತುಗಳು ಮರೆತಿದ್ದರೂ ಆ ನುಡಿ ಎಷ್ಟು ಉದ್ದವೆಂದು ನನ್ನ ಉಸಿರಿಗೆ ಗೊತ್ತಿತ್ತು.

"ಯಾಕ್ರೀ ನಿಲ್ಲಿಸಿದ್ರಿ? ಚೆನ್ನಾಗಿತ್ತಲ್ಲ."

"ನಿಲ್ಲಿಸಿಲ್ಲ, ತಾಳಿ" ಎಂದೆ. ಅಷ್ಟು ಹೊತ್ತೂ ಅನ್ನ ಕುದಿಯುವ ಸದ್ದೊಂದೇ ಇತ್ತು. ಆಮೇಲೆ ನಾಲ್ಕನೆಯದನ್ನು ಎತ್ತಿಕೊಂಡೆ. ಎರಡನೆಯ ಸಲವೂ ಹಾಗೆಯೇ ಹಾಡಿ ಗಂಜಿ ಬಸಿದೆ.

ಅನ್ನ ಹದವಾಗಿತ್ತು.