ಹಿಂಡಿದ ಹೂಕೋಸು, ಬಸಿದ ಅನ್ನ

ಹೂಕೋಸಿನ ಅನ್ನ ಎಂದು ಹೆಸರಿಟ್ಟವರು ಯಾರೋ, ಸಿಕ್ಕರೆ ಅವರಿಗೆ ಎರಡು ಮಾತು ಹೇಳುವುದಿದೆ. ಅದು ಅನ್ನ ಅಲ್ಲ. ತುರಿದ ಹೂಕೋಸು, ಅಷ್ಟೇ. ಅದನ್ನು ಅನ್ನ ಅಂತ ಕರೆದು, ತಟ್ಟೆಯಲ್ಲಿ ಗುಡ್ಡೆ ಮಾಡಿ, ಮೇಲೆ ಸಾರು ಬಿಟ್ಟು, ಗಂಡನ ಮುಂದಿಟ್ಟು ಹೇಗಿದೆ ಎಂದು ಕೇಳುತ್ತಿದ್ದವಳು ನಾನೇ. ಮೂರು ತಿಂಗಳು ಕೇಳಿದ್ದೇನೆ. ಮೂರು ತಿಂಗಳೂ ಅವರು "ಚೆನ್ನಾಗಿದೆ ಕಣೇ" ಎಂದಿದ್ದಾರೆ. ಈಗ ಆ ಮಾತು ನೆನಪಾದರೆ ಮೈ ಉರಿಯುತ್ತದೆ.

ನಮ್ಮ ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ಅವರ ಕೆಲಸ ಭದ್ರಾವತಿಯ ಒಂದು ಕಚೇರಿಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಕೈಯಲ್ಲಿ ಊಟದ ಡಬ್ಬಿ, ಇಪ್ಪತ್ತಾರು ವರ್ಷದಿಂದ ಇದೇ ಪಾಠ. ಶುಗರ್ ಇದೆ ಎಂದು ಗೊತ್ತಾಗಿಯೇ ಆರು ವರ್ಷವಾಗಿತ್ತು. ಮಾತ್ರೆ ನುಂಗುವುದು ಒಂದು ಕಡೆ, ಅನ್ನ ಹೊಡೆಯುವುದು ಇನ್ನೊಂದು ಕಡೆ, ಎರಡೂ ಸರಾಗವಾಗಿ ನಡೆದಿತ್ತು. ಆಮೇಲೆ ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಕಿರುಬೆರಳಿಗೆ ಗಾಯವಾಯಿತು. ಒಣಗಿದ ಹಾಗೆ ಕಾಣುವುದು, ನಾಲ್ಕು ದಿನಕ್ಕೆ ಮತ್ತೆ ಒಡೆಯುವುದು. ಡಾಕ್ಟರು ಬೆರಳನ್ನು ಒತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಶುಗರ್ ಇಳಿಯದಿದ್ದರೆ ಈ ಬೆರಳು ಉಳಿಯುವುದು ಕಷ್ಟ, ಅನ್ನ ಬಿಡಿಸಿ ಎಂದರು. ಬೆರಳು ಅವರದು, ಬಾಯಿ ಅವರದು, ಹೇಳಿದ್ದು ಮಾತ್ರ ನನಗೆ.

ಚಪಾತಿ ಮಾಡಿದೆ. ಎರಡು ದಿನ ತಿಂದು, ಸಾರಿಗೆ ಚಪಾತಿ ಹೊಂದಲ್ಲ ಎಂದರು. ಮುದ್ದೆ ಮಾಡಿದೆ. ಗಂಟಲಲ್ಲಿ ನಿಲ್ಲುತ್ತೆ ಎಂದರು. ಸಿರಿಧಾನ್ಯ ತಂದು ಬೇಯಿಸಿದೆ, ಹಕ್ಕಿಗೆ ಹಾಕೋದು ಎಂದರು. ಕೊನೆಗೆ ಫೋನಿನಲ್ಲಿ ಯಾರೋ ಹುಡುಗಿ ನಗುನಗುತ್ತಾ ಹೂಕೋಸಿನ ಅನ್ನ ಮಾಡುವುದನ್ನು ನೋಡಿದೆ. ಅವಳಿಗೆ ಐದು ನಿಮಿಷ ಸಾಕಾಯಿತು.

ನನಗೆ ಒಂದು ಗಂಟೆ. ದುರ್ಗಿಗುಡಿಯ ತರಕಾರಿ ಅಂಗಡಿಯಿಂದ ಬಿಳಿಯ ಗಟ್ಟಿ ಹೂವು ಆರಿಸಿ ತರಬೇಕು. ಬಿಡಿಸಿ, ಉಪ್ಪು ಅರಿಶಿನ ಹಾಕಿದ ಬಿಸಿನೀರಲ್ಲಿ ಮುಳುಗಿಸಿದರೆ ಹಸಿರು ಹುಳ ಒಂದೊಂದೇ ಮೇಲೆ ಬರುತ್ತದೆ. ಮೊದಲ ದಿನ ಮಿಕ್ಸಿಗೆ ಹಾಕಿದೆ, ದೋಸೆ ಹಿಟ್ಟಾಯಿತು. ಎರಡನೇ ದಿನ ತುರಿದು, ಬಾಣಲೆಗೆ ಹಾಕಿ ಮುಚ್ಚಳ ಮುಚ್ಚಿದೆ, ನೀರು ಬಿಟ್ಟುಕೊಂಡು ಮುದ್ದೆಯಾಯಿತು. ಮೂರನೇ ದಿನ ಬುದ್ಧಿ ಬಂತು. ಕ್ಯಾರೆಟ್ ತುರಿಯುವ ಮಣೆಯಲ್ಲಿ ದಪ್ಪಗೆ ತುರಿಯಬೇಕು, ಹಳೆಯ ಪಂಚೆಯಲ್ಲಿ ಕಟ್ಟಿ ತೋಳು ನೋಯುವವರೆಗೆ ಹಿಂಡಬೇಕು, ಅಗಲದ ಬಾಣಲೆಯಲ್ಲಿ ಮುಚ್ಚಳ ಹಾಕದೆ ದೊಡ್ಡ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಬೇಕು. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ಮತ್ತೆ ನೀರು. ಇಷ್ಟು ಮಾಡಿದರೆ ದೂರದಿಂದ ಅನ್ನದ ಹಾಗೆ ಕಾಣುತ್ತದೆ. ಹತ್ತಿರ ಬಂದರೆ ವಾಸನೆ ಹೇಳುತ್ತದೆ.

ಇಬ್ಬರಿಗೆ ಎರಡು ಅಡುಗೆ ಮಾಡಬಹುದಿತ್ತು. ಅವರು ಹೂಕೋಸು ಅಗಿಯುವಾಗ ನಾನು ಎದುರಿಗೆ ಕೂತು ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳುವುದು ಹೇಗೆ? ನಾನೂ ಬಿಟ್ಟೆ. ಮನೆಯಲ್ಲಿ ಅಕ್ಕಿ ಡಬ್ಬಿಯನ್ನೇ ಅಟ್ಟದ ಮೇಲೆ ಇಟ್ಟೆ. ಯಾರ ಮನೆಯ ಮದುವೆಗೆ ಹೋದರೂ ಪಂಕ್ತಿಯಲ್ಲಿ ಅನ್ನ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ನನ್ನ ರವಿಕೆಗಳು ಸಡಿಲವಾದವು. ಬೀದಿಯ ಹೆಂಗಸರು ಏನು ಮಾಡಿದ್ರಿ, ಹೇಳಿಕೊಡ್ರಿ ಎಂದು ಹಿಂದೆ ಬಿದ್ದರು. ಇವರ ಪ್ಯಾಂಟಿನ ಬೆಲ್ಟು ಮಾತ್ರ ಒಂದು ತೂತೂ ಹಿಂದೆ ಸರಿಯಲಿಲ್ಲ. ನನಗೆ ಆಗಲೇ ಹೊಳೆಯಬೇಕಿತ್ತು.

ಶುಗರ್ ಇಳಿಯಲಿಲ್ಲ. ಡಾಕ್ಟರು ಎರಡನೇ ಸಲ ರಕ್ತಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದಿಟ್ಟು, "ಅಮ್ಮಾ, ನಿಜ ಹೇಳಿ, ಮನೇಲಿ ಏನು ಅಡುಗೆ ಮಾಡ್ತೀರಿ?" ಎಂದರು. ನಾನು ಎಲ್ಲ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಪಕ್ಕದ ಕುರ್ಚಿಯಲ್ಲಿ ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು. ಮನೆಗೆ ಬಂದು ನಾನು ಸಾರಿಗೆ ಹಾಕುವ ಚೂರು ಬೆಲ್ಲವನ್ನೂ ನಿಲ್ಲಿಸಿದೆ. ಒಗ್ಗರಣೆಯ ಎಣ್ಣೆಯಲ್ಲೇ ಏನಾದರೂ ದೋಷವೇ ಎಂದು ಯೋಚಿಸಿದೆ. ನನ್ನ ಕೈಯಡುಗೆಯಿಂದ ಅವರ ಬೆರಳು ಹೋಗುತ್ತದೆ ಎಂಬ ಭಯದಲ್ಲಿ ದೇವರಿಗೆ ಹರಕೆ ಹೊತ್ತೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ, ಸಿಟ್ಟೂ ಬರುತ್ತದೆ.

ಒಂದು ದಿನ ಡಬ್ಬಿ ಮರೆತು ಹೋದರು. ಮಧ್ಯಾಹ್ನ ಉಪವಾಸ ಬಿದ್ದರೆ ತಲೆ ತಿರುಗುತ್ತದಲ್ಲ ಎಂದು ಹಿಂದೆಯೇ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಕಚೇರಿಯಲ್ಲಿ ಅವರ ಕುರ್ಚಿ ಖಾಲಿ. ಪಕ್ಕದ ಮೇಜಿನವರು ನನ್ನ ಕೈಯ ಡಬ್ಬಿ ನೋಡಿ ಆಶ್ಚರ್ಯಪಟ್ಟರು. ಸಾರ್ ದಿನಾ ಊಟಕ್ಕೆ ಅಕ್ಕನ ಮನೆಗೆ ಹೋಗ್ತಾರಲ್ಲ ಮೇಡಂ ಎಂದರು, ಬಹಳ ಒಳ್ಳೆಯ ಸುದ್ದಿ ಹೇಳುವವರಂತೆ.

ಅಕ್ಕ ಎಂದರೆ ಅವರ ಸ್ವಂತ ಅಕ್ಕ. ಅಮ್ಮ ಬೇಗ ತೀರಿಕೊಂಡಾಗ ಇವರನ್ನು ಎತ್ತಿ ಸಾಕಿದವರು, ನಾನೂ ಅಕ್ಕ ಎಂದೇ ಕರೆಯುವುದು. ಮನೆ ಕಚೇರಿಯಿಂದ ಹತ್ತು ನಿಮಿಷದ ದಾರಿ. ಬಾಗಿಲು ತೆರೆದಿತ್ತು. ನನ್ನ ಗಂಡ ನಡುಮನೆಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತಿದ್ದರು. ಎದುರಿನ ತಟ್ಟೆಯಲ್ಲಿ ಅನ್ನ, ಮಧ್ಯದಲ್ಲಿ ಗುಳಿ ಮಾಡಿ ಬಿಟ್ಟ ಹುರುಳಿ ಸಾರು. ಪಕ್ಕದಲ್ಲಿ ಒಂದು ದೊಡ್ಡ ಸ್ಟೀಲ್ ಲೋಟ. ನನ್ನನ್ನು ನೋಡಿ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬೀಳಲಿಲ್ಲ.

ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಮೂರು ತಿಂಗಳಿಂದಲೂ ಹೀಗೇನಾ ಎಂದು ಕೇಳಿದ್ದು ನೆನಪಿದೆ. ಡಬ್ಬಿಯ ಊಟ ಏನಾಗ್ತಿತ್ತು ಎಂದು ಕೇಳಿದ್ದು ನೆನಪಿದೆ. ಬೀದಿಯಲ್ಲಿ ಒಂದು ಕೆಂದಹಸು ಬರುತ್ತದಂತೆ, ಮಧ್ಯಾಹ್ನ ಸರಿಯಾಗಿ ಬಾಗಿಲಿಗೆ ಬಂದು ನಿಲ್ಲುತ್ತದಂತೆ. ನಾನು ತೋಳು ಬೀಳುವಂತೆ ಹಿಂಡಿದ ಹೂಕೋಸು ಅದರ ಹೊಟ್ಟೆಗೆ. ಅಕ್ಕನೇ ಡಬ್ಬಿ ತೊಳೆದು ಕೊಡುತ್ತಿದ್ದರಂತೆ. ಎಷ್ಟು ಚೊಕ್ಕ ತಿಂದಿದ್ದಾರೆ, ತೊಳೆದೂ ತಂದಿದ್ದಾರೆ ಎಂದು ನಾನು ದಿನಾ ಸಂಜೆ ಹಿಗ್ಗುತ್ತಿದ್ದೆ.

ಅಕ್ಕನಿಗೆ ಹೆದರಿಕೆಯೇ ಇರಲಿಲ್ಲ. ತಪ್ಪು ಮಾಡಿದ್ದೇನೆ ಎಂದು ಗೊತ್ತಿದ್ದವರಿಗಲ್ಲವೇ ಹೆದರಿಕೆ?

"ಕುಕ್ಕರ್ ಅನ್ನದಲ್ಲಿ ಶುಗರ್ ಇರೋದು ಮಾರಾಯ್ತಿ," ಎಂದರು. "ನಾನು ಬಸಿದು ಹಾಕ್ತೀನಿ. ಸಕ್ಕರೆ ಅಂಶ ಎಲ್ಲ ಗಂಜೀಲಿ ಹೋಗುತ್ತೆ. ಅಷ್ಟೂ ಗೊತ್ತಿಲ್ಲದೆ ತಮ್ಮನಿಗೆ ಅನ್ನ ಹಾಕ್ತೀನಾ?"

ನಾನು ಆ ಸ್ಟೀಲ್ ಲೋಟ ತೋರಿಸಿ ಅದರಲ್ಲೇನು ಎಂದೆ.

"ಗಂಜಿ," ಎಂದರು. "ಉಪ್ಪು, ಮಜ್ಜಿಗೆ ಹಾಕಿದೀನಿ. ಚೆಲ್ಲೋಕಾಗುತ್ತಾ? ಅವನಿಗೆ ಚಿಕ್ಕಂದಿನಿಂದ ಇಷ್ಟ."

ನನಗೆ ನಗು ಬರಬೇಕಿತ್ತು. ಬೇರೆ ಯಾರ ಮನೆಯ ಕತೆಯಾಗಿದ್ದರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸಕ್ಕರೆಯನ್ನು ಅನ್ನದಿಂದ ಬಸಿದು ತೆಗೆದು, ಲೋಟಕ್ಕೆ ಹಾಕಿ, ಅದನ್ನೂ ಅದೇ ಹೊಟ್ಟೆಗೆ ಇಳಿಸುತ್ತಿದ್ದರು. ಅವರದು ಪ್ರೀತಿಯೇ, ಇಲ್ಲ ಎನ್ನುವುದಿಲ್ಲ. ಆ ಮನೆಯಲ್ಲಿ ಗಂಜಿ ಚೆಲ್ಲುವುದು ಅಂದರೆ ಲಕ್ಷ್ಮಿಯನ್ನು ಬಚ್ಚಲಿಗೆ ಹಾಕಿದ ಹಾಗೆ, ಅದೂ ಗೊತ್ತು. ಆದರೆ ಇವರಿಗೆ ಗೊತ್ತಿರಲಿಲ್ಲವೇ? ಪೇಪರು ಓದುವವರು, ಮಾತ್ರೆಯ ಹೆಸರು ಬಾಯಿಪಾಠ ಇರುವವರು. ಅಕ್ಕ ನಂಬಿ ಬಡಿಸಿದರು, ಇವರು ನಂಬಿದ ಹಾಗೆ ನಟಿಸಿ ಉಂಡರು.

ಅಕ್ಕ ನನಗೂ ತಟ್ಟೆ ಹಾಕಿ, ಮೊದಲು ಊಟ ಮಾಡು, ಆಮೇಲೆ ಬೈಯುವೆಯಂತೆ ಎಂದರು. ಅನ್ನದ ಹಬೆ ಮುಖಕ್ಕೆ ಬಡಿಯಿತು. ಮೂರು ತಿಂಗಳಾಗಿತ್ತು. ಬಾಯಲ್ಲಿ ನೀರೂರಿತು, ಅಷ್ಟು ಸಿಟ್ಟಿನ ನಡುವೆಯೂ. ಅವತ್ತಿನ ಎಲ್ಲದಕ್ಕಿಂತ ಹೆಚ್ಚು ಉರಿದದ್ದು ಅದಕ್ಕೇ. ನಾನು ಉಣ್ಣಲಿಲ್ಲ. ಡಬ್ಬಿಯನ್ನು ಇವರ ತಟ್ಟೆಯ ಪಕ್ಕ ಕುಕ್ಕಿ, ಒಬ್ಬಳೇ ಬಸ್ಸು ಹತ್ತಿದೆ. ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಅಟ್ಟದಿಂದ ಅಕ್ಕಿ ಇಳಿಸಿ, ಅರ್ಧ ಪಾವು ಬೇಯಿಸಿ, ಬರೀ ಉಪ್ಪಿನಕಾಯಿ ಹಾಕಿಕೊಂಡು ಪೂರ್ತಿ ಉಂಡೆ.

ಆಮೇಲೆ ಅವರು ನಿಜವಾಗಿಯೇ ಅನ್ನ ಬಿಟ್ಟರು. ತಡವಾಗಿತ್ತು. ಎರಡು ವಾರಕ್ಕೆ ಬೆರಳು ಕಪ್ಪಾಯಿತು. ಆಸ್ಪತ್ರೆಯಲ್ಲಿ ತೆಗೆದುಬಿಟ್ಟರು. ಒಂದು ತಿಂಗಳು ಮೊದಲೇ ಹತೋಟಿಗೆ ಬಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು, ಮತ್ತೆ ನನ್ನ ಕಡೆಗೇ ತಿರುಗಿ. ಆಗ ಮಂಚದ ಮೇಲಿದ್ದವರು ಬಾಯಿ ಬಿಟ್ಟರು.

"ಅವಳನ್ನ ಕೇಳಬೇಡಿ ಸಾರ್. ಅವಳು ಸರಿಯಾಗೇ ಮಾಡಿದ್ಲು. ನಾನೇ ಕದ್ದು ತಿಂದೆ."

ಅವತ್ತೇ ಆ ಕ್ಯಾಲೆಂಡರ್ ಬಿಟ್ಟು ಈ ಕಡೆ ತಿರುಗಿ ಇದನ್ನೇ ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನಿಸಿತು. ಬ್ಯಾಂಡೇಜು ನೋಡಿ, ಅದರ ಮೇಲೆ ಹೊದಿಕೆ ಎಳೆದೆ.

ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಅಕ್ಕ ಬಂದರು. ಚೀಲದಲ್ಲಿ ಎರಡು ಹೂಕೋಸು. ಅತ್ತು ಅತ್ತು ಕಣ್ಣು ಊದಿತ್ತು. ಹೇಗೆ ಮಾಡುವುದು ತೋರಿಸು, ಇನ್ನು ನನ್ನ ಮನೆಗೆ ಬಂದರೂ ಇದನ್ನೇ ಹಾಕುತ್ತೇನೆ ಎಂದರು. ಒಂದು ಸಿಹಿ ಮಾತೂ ಆಡದೆ ತೋರಿಸಿದೆ. ತುರಿದದ್ದನ್ನು ಪಂಚೆಯಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆ. ಆ ವಯಸ್ಸಿನಲ್ಲೂ ಚೆನ್ನಾಗಿಯೇ ಹಿಂಡಿದರು. ಆಮೇಲೆ ಪಾತ್ರೆಯಲ್ಲಿ ನಿಂತ ಬೆಳ್ಳನೆಯ ನೀರನ್ನು ನೋಡುತ್ತಾ ನಿಂತರು.

"ಇದನ್ನ ಚೆಲ್ಲೋದಾ?" ಎಂದು ಮೆಲ್ಲಗೆ ಕೇಳಿದರು.

"ಚೆಲ್ಲಿ ಅಕ್ಕ," ಎಂದೆ. ನನ್ನ ದನಿ ಅಡುಗೆಮನೆಯಿಂದ ಬೀದಿಗೆ ಕೇಳಿಸಿರಬೇಕು. ಅವರು ಚೆಲ್ಲಿದರು. ಚೆಲ್ಲುವಾಗ ಕಣ್ಣು ಮುಚ್ಚಿಕೊಂಡಿದ್ದರು.

ಈಗ ದಿನಾ ಇಷ್ಟು ಅನ್ನ ಮಾಡಿಕೊಳ್ಳುತ್ತೇನೆ, ಅವರ ಎದುರಿಗೇ ಕೂತು ಉಣ್ಣುತ್ತೇನೆ. ಅವರು ಹೂಕೋಸು ಅಗಿಯುತ್ತಾರೆ. ಹೇಗಿದೆ ಎಂದು ನಾನು ಕೇಳುವುದಿಲ್ಲ. ಮೊನ್ನೆ ತಾವಾಗಿಯೇ, ಏನೂ ಚೆನ್ನಾಗಿಲ್ಲ ಕಣೇ ಎಂದರು. ಎಷ್ಟೋ ದಿನಗಳ ಮೇಲೆ ಅವರ ಒಂದು ಮಾತನ್ನು ನಂಬಿದೆ. ಸಿಟ್ಟು ಇಳಿದಿಲ್ಲ, ಇಳಿಯುವ ಆತುರ ನನಗೂ ಇಲ್ಲ.

ನಿನ್ನೆ ನಾನು ಹಾಲು ತಂದು ಒಳಗೆ ಬಂದರೆ, ಅವರು ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು ತಾವೇ ಹೂಕೋಸು ತುರಿಯುತ್ತಿದ್ದರು. ಹೂವು ಮುಗಿದು ದಂಟಿಗೆ ಬಂದಿತ್ತು, ಕೈಬೆರಳು ಮಣೆಯ ಹಲ್ಲಿಗೆ ತಾಗುವಷ್ಟು ಹತ್ತಿರ. ಹಾಲಿನ ಪ್ಯಾಕೆಟ್ ಎಲ್ಲಿ ಬಿತ್ತೋ. ಓಡಿ ಹೋಗಿ ಮಣೆ ಕಿತ್ತುಕೊಂಡು, ಬಾಯಿಗೆ ಬಂದ ಹಾಗೆ ಬೈದೆ. ಅವರು ಬೈಸಿಕೊಂಡರು. ಆಮೇಲೆ ಎರಡೂ ಕೈ ಮುಂದೆ ಚಾಚಿ, "ಏನೂ ಆಗಿಲ್ಲ ಕಣೇ, ನೋಡು" ಎಂದರು.

ನೋಡಿದೆ. ಒಂದೊಂದನ್ನೇ ಹಿಡಿದು, ತಿರುಗಿಸಿ, ಎಣಿಸಿದೆ. ಹತ್ತೂ ಇದ್ದವು. ಸ್ಟೂಲಿನ ಕಡೆ ಮಾತ್ರ ನಾನು ನೋಡಲಿಲ್ಲ.