ಆರನೆಯ ಮುಖದ ‘ಓ’

ನಮ್ಮ ಭಾವ ವೆಂಕಟಾಚಲಯ್ಯನವರಿಗೆ ಸಂಗೀತದ ಹುಚ್ಚು. ಹಾಡುವ ಯೋಗ ಮಾತ್ರ ಇರಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ರಾಮನವಮಿ ಕಚೇರಿಯಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಗಂಟಲು ಒಡೆದು ಸಭೆಯೆಲ್ಲ ನಕ್ಕಿತಂತೆ. ಆಮೇಲೆ ಅವರು ದೇವರ ಮನೆಯಲ್ಲೂ ಬಾಯಿಬಿಟ್ಟು ಹಾಡಲಿಲ್ಲ. ನಾನು ಹಾಡದಿದ್ದರೇನು, ಹಾಡುವವರನ್ನು ಸೇರಿಸುತ್ತೇನೆ ಎಂದು ಹಟ ಹಿಡಿದರು. ಮೂರು ಗ್ರಾಮಫೋನ್ ಪ್ಲೇಟು, ಆರು ಮುಖ, ಮುಖಕ್ಕೊಬ್ಬರಂತೆ ಆರು ಹಾಡುಗಾರರು, ಎಲ್ಲರೂ ನಮ್ಮ ಬೆಂಗಳೂರಿನ ತೆಂಕಣ ದಿಕ್ಕಿನವರೇ. ಮೂರು ವರ್ಷ ಸೈಕಲ್ ತುಳಿದು ಒಬ್ಬೊಬ್ಬರನ್ನೂ ಕಾಡಿ ಒಪ್ಪಿಸಿದರು. ಮದರಾಸಿನ ಕಂಪನಿಯವರ ಷರತ್ತು ಒಂದೇ: ಆರೂ ಮುಖ ತುಂಬಬೇಕು, ಒಂದು ಕೆಟ್ಟರೂ ಮಿಕ್ಕ ಐದು ಮೂಲೆಗೆ.

ಆರನೆಯವಳನ್ನು ಹುಡುಕಿಕೊಟ್ಟ ಮಹಾನುಭಾವ ನಾನೇ, ಭಾವಮೈದುನ ಕಿಟ್ಟಿ. ಚಿಕ್ಕಲಸಂದ್ರದ ಮದುವೆ ಚಪ್ಪರವೊಂದರಲ್ಲಿ ಮುನಿಲಕ್ಷ್ಮಮ್ಮ ಹಾಡುವುದನ್ನು ಕೇಳಿದ್ದೆ. ಮದುವೆಗೆ ಭೈರವ ದೇವರನ್ನು ಕರೆಯುವ ಪದ ಅದು. ‘ಏರಿ ಮ್ಯಾಲೆ ಕುದುರೆ ನಿಲಿಸಿ ಯಾರು ಬಂದೀರಿ’ ಎಂದು ಆಕೆ ಎಳೆದರೆ ಸುತ್ತಲಿನ ಹೆಂಗಸರು ‘ಬೈರುವಾ’ ಎಂದು ಕೂಗುತ್ತಿದ್ದರು. ಪದದಲ್ಲಿ ಆ ಕೂಗು ನಾಲ್ಕು ಸಲ ಬರುತ್ತದೆ. ತಾಲೀಮಿಗೆ ಬಂದಾಗಲೂ ಆಕೆಯ ನಾದಿನಿ ಮಂಗಮ್ಮ ಪಕ್ಕದಲ್ಲಿ ಕೂತು ಅಲ್ಲಲ್ಲಿ ದನಿಗೂಡಿಸಿದಳು. ಹುಮ್ಮಸ್ಸಿಗೆ ಬಾಯಿ ಹಾಕುತ್ತಾಳೆ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಲಿ!

೧೯೫೨ರ ಮಾಘ ಮಾಸ. ಅಕ್ಕ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು, ಹಾಗಾಗಿ ಜಯನಗರದ ಭಾವನ ಮನೆ ಖಾಲಿ. ಸುತ್ತ ಇನ್ನೂ ರಾಗಿ ಹೊಲ, ಸದ್ದು ಮಾಡುವವರಿಲ್ಲ. ಕಂಪನಿಯ ಸೇತುರಾಮ ನಡುಮನೆಯಲ್ಲಿ ಯಂತ್ರ ಹೂಡಿ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿಸಿದ. ಹಾಡು ಮೊದಲು ಮೇಣದ ತಟ್ಟೆಯ ಮೇಲೆ ಕೊರೆಯಬೇಕು. ತಪ್ಪಿದರೆ ಅಳಿಸುವಂತಿಲ್ಲ, ಆ ತಟ್ಟೆ ಹೋಯಿತೆಂದೇ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಐದು ಮುಖ ಮುಗಿದು ಎರಡು ತಟ್ಟೆ ಉಳಿದಿದ್ದವು. ಸೇತುರಾಮನಿಗೆ ಸಂಜೆಯ ಮದರಾಸು ರೈಲು.

“ಒಂದೇ ದನಿ ಸಾಕು,” ಎಂದು ನಾನು ಮಂಗಮ್ಮನನ್ನು ಹೊರಗೆ ಕೂರಿಸಿದೆ. ಅವಳು ಮುಖ ಊದಿಸಿಕೊಂಡು, “ನನ್ ದನಿ ಬ್ಯಾಡ ಅಂದ್ಮ್ಯಾಲೆ ನಾನ್ಯಾಕಿರ್ಲಿ?” ಎಂದು ಸಿದ್ದಾಪುರದ ನೆಂಟರ ಮನೆಗೆ ನಡೆದೇಬಿಟ್ಟಳು.

ಕೆಂಪು ದೀಪ ಹತ್ತಿತು. ನಾನು ಹಾರ್ಮೋನಿಯಂ ಹಿಡಿದೆ. ಮುನಿಲಕ್ಷ್ಮಮ್ಮ, ‘ಯಾರು ಬಂದೀರಿ’ ಎಂದು ಎಳೆದಳು, ನಿಂತಳು. ಹೆಸರು ಬರಲಿಲ್ಲ. ಭಾವ ಕೈಸನ್ನೆ ಮಾಡಿದರು. ಆಕೆ ತಲೆ ತಗ್ಗಿಸಿದಳು. ತಟ್ಟೆ ಮೌನವನ್ನೇ ಕೊರೆದುಕೊಳ್ಳುತ್ತ ತಿರುಗಿತು.

“ಮರೆತ್ಹೋಯ್ತೇನಮ್ಮಾ?” ಭಾವ ಬಗ್ಗಿ ಕೇಳಿದರು.

“ಮರ್ತಿಲ್ಲ ಸ್ವಾಮಿ.”

“ಮತ್ತೆ?”

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು. ಸೇತುರಾಮ ಕೈಗಡಿಯಾರ ನೋಡಿ, “ಇನ್ನು ಒಂದೇ ಪ್ಲೇಟ್ ಸಾರ್,” ಎಂದ. ಭಾವ ಐದು ಜನಕ್ಕೆ ಮಾತು ಕೊಟ್ಟಿದ್ದರು, ಇನ್ನು ಒಬ್ಬೊಬ್ಬರ ಕಾಲು ಹಿಡಿದು ಕ್ಷಮೆ ಕೇಳುವುದೊಂದು ಬಾಕಿ.

ನನಗೆ ಸಿಟ್ಟು ನೆತ್ತಿಗೇರಿತು. ಆಕೆಯ ಜೊತೆ ಬಂದಿದ್ದ ಗಂಡನಿಂದಲಾದರೂ ಹೇಳಿಸೋಣ ಎಂದು ಜಗಲಿಗೆ ಹೋದೆ. ಆತ ಗೋಡೆಗೊರಗಿ ಕೂತಿದ್ದ.

“ಏನಪ್ಪಾ ನಿನ್ನ ಹೆಸರು?”

“ಬೈರಣ್ಣ, ಸ್ವಾಮಿ.”

ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕಿತ್ತು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಹೆಂಗಸು ಕಾರಣವನ್ನಾದರೂ ಹೇಗೆ ಹೇಳಿಯಾಳು? ಹೇಳಲು ಆ ಹೆಸರೇ ಬೇಕಲ್ಲ.

ವಿಷಯ ತಿಳಿದು ಸೇತುರಾಮ, “ಬೇರೆ ದೇವರ ಹೆಸರು ಹಾಕಿಬಿಡಿ,” ಎಂದ.

ಆಕೆ ಮೊದಲ ಸಲ ತಲೆಯೆತ್ತಿದಳು. “ಕರ‍್ದಿದ್ದು ಒಬ್ರನ್ನ, ಬರೋದು ಇನ್ನೊಬ್ರಾ? ಆಗಾಕಿಲ್ಲ ಸ್ವಾಮಿ.”

ಮಂಗಮ್ಮನನ್ನು ಕರೆತರಲು ಹೊತ್ತಿಲ್ಲ. ನನ್ನ ಗಂಟಲು ಕೇಳಿದರೆ ಹಾಲು ಕರೆಯುವ ಎಮ್ಮೆಯೂ ಒದೆಯುತ್ತದೆ. ನಾನು ಭಾವನನ್ನೇ ನೋಡಿದೆ.

“ನೋಡ್ಬೇಡ ಕಿಟ್ಟಿ. ನನ್ನ ಕೈಲಾಗಲ್ಲ.”

“ನಾಲ್ಕೇ ಕೂಗು ಭಾವ.”

“ಅವತ್ತು ಒಂದೇ ಸ್ವರ ಕಣೋ ಒಡೆದದ್ದು!”

ಸೇತುರಾಮ ಕೊನೆಯ ತಟ್ಟೆ ಇಟ್ಟ. ಭಾವ ಬಂದು ಆಕೆಯ ಪಕ್ಕ, ಮಂಗಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತರು. ದೀಪ ಹತ್ತಿತು. ‘ಯಾರು ಬಂದೀರಿ’ ಎಂದಳು ಆಕೆ. ‘ಬೈರುವಾ’ ಎಂದರು ಭಾವ, ಕೆಮ್ಮು ಬಂದವರಂತೆ. ಎರಡನೆಯದು ನಡುಗಿತು. ಮೂರನೆಯದು ನೆಟ್ಟಗೆ ನಿಂತಿತು. ನಾಲ್ಕನೆಯದಕ್ಕೆ ಅವರು ಕಣ್ಣು ಮುಚ್ಚಿ, ಹದಿನೆಂಟು ವರ್ಷ ಬಿಗಿಹಿಡಿದಿದ್ದ ಗಂಟಲನ್ನು ಪೂರ್ತಿ ಬಿಟ್ಟರು. ಒಡೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಕಿಟಕಿಯಾಚೆ, ಜಗಲಿಯ ಮೇಲೆ ತೂಕಡಿಸುತ್ತಿದ್ದ ಬೈರಣ್ಣ ಬೆಚ್ಚಿ, “ಓ...!” ಎಂದ.

ಕಂಬಳಿ ದಾಟಿ ಬಂದ ಆ ದನಿಗೆ ಸೇತುರಾಮ ಕಣ್ಣರಳಿಸಿದ. ಸೂಜಿ ಓಡುತ್ತಲೇ ಇತ್ತು. ಮುನಿಲಕ್ಷ್ಮಮ್ಮ ಕೊನೆಯ ಸಾಲು ಹಾಡಿ ಮುಗಿಸಿದಳು. ದೀಪ ಆರಿತು.

“ಅವನನ್ನ ಅಲ್ಲಿ ಕೂರ್ಸಿದ್ಯಾರೋ?” ಭಾವ ನನ್ನ ಮೇಲೆ ಹಾರಿಬಿದ್ದರು. ನಾನು ಹಾರ್ಮೋನಿಯಂ ಮುಚ್ಚತೊಡಗಿದೆ.

ಎರಡು ತಿಂಗಳು ಭಾವ ಅಂಚೆಯವನ ದಾರಿ ಕಾದರು. ಊಟ ಅರ್ಧಕ್ಕೆ ಬಿಟ್ಟು ಗೇಟಿಗೆ ಓಡುತ್ತಿದ್ದರು. ಕೊನೆಗೆ ಕಾಗದ ಬಂತು. ಆರೂ ಮುಖ ಒಪ್ಪಿಗೆಯಾಗಿವೆ. ಆರನೆಯದರ ಕೊನೆಯಲ್ಲಿ ಓಗೊಟ್ಟ ಕಲಾವಿದರ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ, ದಯವಿಟ್ಟು ತಿಳಿಸಿ ಎಂದಿತ್ತು. ಭಾವ ನಗುತ್ತ ನಗುತ್ತ ಅತ್ತುಬಿಟ್ಟರು. ಪ್ಲೇಟಿನ ಮೇಲೆ ‘ಮುನಿಲಕ್ಷ್ಮಮ್ಮ ಮತ್ತು ಸಂಗಡಿಗರು’ ಎಂದು ಅಚ್ಚಾಯಿತು. ಭಾವನ ಹೆಸರು ಎಲ್ಲೂ ಇಲ್ಲ.

ಹನ್ನೆರಡು ವರ್ಷದ ಮೇಲೆ ಬೈರಣ್ಣ ತೀರಿಕೊಂಡ. ತಿಂಗಳು ಕಳೆದು ಮುನಿಲಕ್ಷ್ಮಮ್ಮ ಚಿಕ್ಕಲಸಂದ್ರದಿಂದ ಭಾವನ ಮನೆಗೆ ಒಬ್ಬಳೇ ನಡೆದು ಬಂದಳು.

“ಆ ಪಿಲೇಟು ಒಂದ್ಕಿತ ಹಾಕಿ ಸ್ವಾಮಿ.”

ಭಾವ ಕೀಲಿ ಕೊಟ್ಟರು. ತನ್ನದೇ ಹಾಡನ್ನು ಆಕೆ ಯಾರದೋ ಎಂಬಂತೆ ನೆಲ ನೋಡುತ್ತ ಕೇಳಿದಳು. ನಾಲ್ಕನೆಯ ಕೂಗಾಯಿತು. ಮುಳ್ಳಿನ ಗರಗರದ ಹಿಂದೆ, ದೂರದಿಂದ, ಬೈರಣ್ಣ ‘ಓ’ ಎಂದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಇನ್ನೊಂದ್ಕಿತ.”

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಈಗ ಆ ಹೆಸರು ನೀವೇ ಹೇಳ್ಬೋದಲ್ವೇನಮ್ಮಾ?” ಎಂದೆ.

“ಯೋಳ್ಬೋದಂತೆ ಸ್ವಾಮಿ. ನಾನು ಕೂಗಿದ್ರೆ ಓ ಅನ್ನಾಕೆ ಅವರೆಲ್ಲವ್ರೆ?” ಎಂದು ಆಕೆ ಭಾವನತ್ತ ತಿರುಗಿದಳು. “ಈ ಪಿಲೇಟಲ್ಲಿ ನೀವು ಕೂಗಿದ್ರೇನೇ ಅನ್ನೋದು.”

ಭಾವ ಮುಳ್ಳನ್ನೆತ್ತಿ ಮತ್ತೆ ಮೊದಲಿಗೆ ಇಟ್ಟರು.